ದುಬಾರಿ ಮೇಕಪ್ ಕಲೆಕ್ಷನ್: ದುಡ್ಡು ಕೊಡುವ ಮೊದಲು ಮುಖ, ಕಣ್ಣು, ತುಟಿಯ ಮೇಲೆ ಹಚ್ಚಿ ನೋಡುವುದು ಹೇಗೆ?

ಹೋದ ವರ್ಷ ಮೇ ತಿಂಗಳಲ್ಲಿ ಉಡುಪಿಯಲ್ಲಿ ನಮ್ಮ ಕಡೆಯ ಒಂದು ಮದುವೆ. ಬೆಂಗಳೂರಿನ ಒಂದು ಮಾಲ್‌ನಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ಫೌಂಡೇಶನ್ ತಂದಿದ್ದೆ. ಕೌಂಟರಿನ ಹುಡುಗಿ ನನ್ನ ಅಂಗೈ ಹಿಂಭಾಗಕ್ಕೆ ಒಂದು ಹನಿ ಹಚ್ಚಿ, "ಒಂದು ಶೇಡ್ ಲೈಟೇ ತಗೊಳ್ಳಿ ಮೇಡಂ, ಬ್ರೈಟ್ ಕಾಣ್ತೀರಾ" ಅಂದಳು. ನಾನೂ ತಲೆಯಾಡಿಸಿದೆ. ಧಾರೆ ಮುಗಿಯುವ ಹೊತ್ತಿಗೆ ಚಿಕ್ಕಮ್ಮ ಪಕ್ಕಕ್ಕೆ ಕರೆದು, "ಏನೇ ಇದು, ಮುಖಕ್ಕೆ ವಿಭೂತಿ ಬಳ್ಕೊಂಡ್ಯಾ?" ಎಂದು ಕೇಳಿದರು. ಆಮೇಲೆ ಫೋಟೋ ನೋಡಿದೆ. ಮುಖ ಒಂದು ಬಣ್ಣ, ಕತ್ತು ಇನ್ನೊಂದು ಬಣ್ಣ. ಚಿಕ್ಕಮ್ಮ ಹೇಳಿದ್ದು ಸರಿಯಾಗೇ ಇತ್ತು.

ಅವತ್ತಿನಿಂದ ಸುತ್ತಲಿನವರನ್ನು ಗಮನಿಸುತ್ತಿದ್ದೇನೆ. ಎಲ್ಲರೂ ಹೆಚ್ಚುಕಡಿಮೆ ಒಂದೇ ಕಡೆ ಎಡವುತ್ತಾರೆ. ಕೌಂಟರಿನಲ್ಲಿ ಕೂತು ಮುಖ, ಕಣ್ಣು, ತುಟಿ ಎಲ್ಲಕ್ಕೂ ಒಟ್ಟಿಗೆ ಹಚ್ಚಿಸಿಕೊಳ್ಳುತ್ತಾರೆ. ಕನ್ನಡಿಯಲ್ಲಿ ಐದು ನಿಮಿಷ ನೋಡಿ ಕಾರ್ಡ್ ಕೊಡುತ್ತಾರೆ. ಮೂರು ದಿನ ಬಿಟ್ಟು ಗಲ್ಲದ ಮೇಲೆ ಗುಳ್ಳೆ ಎದ್ದರೆ ಏಳು ವಸ್ತುಗಳಲ್ಲಿ ಯಾವುದರದ್ದು ತಪ್ಪು ಅಂತ ಗೊತ್ತಾಗುವುದಿಲ್ಲ.

ಆದ್ದರಿಂದ ಈ ಇಡೀ ಕ್ರಮದಲ್ಲಿ ಎರಡೇ ನಿಯಮ. ಒಂದು ದಿನಕ್ಕೆ ಒಂದೇ ಹೊಸ ವಸ್ತು. ಹಚ್ಚಿದ ಮೇಲೆ ಕನಿಷ್ಠ ಆರು ಗಂಟೆ ಬಿಟ್ಟು ತೀರ್ಮಾನ. ಒಟ್ಟು ಮೂರು ವಾರ ಹಿಡಿಯುತ್ತದೆ. ಮದುವೆಗೆ ನಾಲ್ಕೇ ದಿನ ಇದೆ ಅನ್ನುವವರು ಹೊಸ ಕಲೆಕ್ಷನ್ ಆಸೆ ಬಿಟ್ಟು, ಈಗಾಗಲೇ ಒಗ್ಗಿರುವುದನ್ನೇ ಹಚ್ಚಿಕೊಳ್ಳಿ.

ಮೊದಲು ಈ ಸಾಮಾನು ಜೋಡಿಸಿಕೊಳ್ಳಿ

ಚಿಕ್ಕ ಕೈಗನ್ನಡಿ. ಬಿಳಿ ಟಿಶ್ಯೂ. ಹತ್ತಿ ಮತ್ತು ಇಯರ್‌ಬಡ್ಸ್. 70% ಐಸೊಪ್ರೊಪೈಲ್ ಆಲ್ಕೋಹಾಲ್ ತುಂಬಿದ ಪುಟ್ಟ ಸ್ಪ್ರೇ ಬಾಟಲಿ, ಇದು ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತದೆ. ಕೂದಲು ಹಿಂದಕ್ಕೆ ಹಾಕಲು ಕ್ಲಿಪ್. ಮುಚ್ಚಳ ಬಿಗಿಯಾಗಿರುವ ಮೂರು-ನಾಲ್ಕು ಸಣ್ಣ ಡಬ್ಬಿ. ಒಂದು ಬಾಲ್‌ಪೆನ್, ಒಂದು ಚಿಕ್ಕ ನೋಟ್‌ಬುಕ್. ಮೊಬೈಲ್‌ನಲ್ಲಿ ನೋಟ್ ಮಾಡಿಕೊಳ್ಳುತ್ತೇನೆ ಅಂದುಕೊಳ್ಳಬೇಡಿ. ಕೈಗೆಲ್ಲ ಬಣ್ಣ ಮೆತ್ತಿಕೊಂಡಿರುವಾಗ ಸ್ಕ್ರೀನ್ ಮುಟ್ಟಲು ಆಗುವುದಿಲ್ಲ.

ಹಂತ 1: ಏನು ಬೇಕು ಅಂತ ಮನೆಯಲ್ಲೇ ಬರೆದುಕೊಳ್ಳಿ

ಸೀಸನ್ ಕಲೆಕ್ಷನ್ ಅಂದರೆ ಸಾಮಾನ್ಯವಾಗಿ ಒಂದು ಫೌಂಡೇಶನ್ ಅಥವಾ ಪೌಡರ್, ಒಂದು ಹೈಲೈಟರ್ ಅಥವಾ ಬ್ಲಶ್, ನಾಲ್ಕೈದು ಬಣ್ಣದ ಐಶ್ಯಾಡೋ ಪ್ಯಾಲೆಟ್, ಮಸ್ಕಾರ, ಎರಡು-ಮೂರು ಲಿಪ್‌ಸ್ಟಿಕ್. 'ಲಿಮಿಟೆಡ್ ಎಡಿಷನ್' ಎಂಬ ಬೋರ್ಡ್ ಬೇರೆ. ಅದನ್ನು ನೋಡಿದ ಕೂಡಲೇ ನಮಗೆ ಎಲ್ಲಾ ಬೇಕು ಅನ್ನಿಸುತ್ತದೆ. ಮನೆಯ ಡ್ರಾಯರ್ ತೆರೆದು ನೋಡಿ. ಅದೇ ಬಣ್ಣದ ಲಿಪ್‌ಸ್ಟಿಕ್ ಆಗಲೇ ಎರಡು ಇದ್ದರೆ ಪಟ್ಟಿಯಿಂದ ತೆಗೆಯಿರಿ.

ತೂಕವನ್ನೂ ನೋಡಿ. ಹೆಚ್ಚಿನ ಫೌಂಡೇಶನ್ 30 ಮಿ.ಲೀ. ಇರುತ್ತದೆ. ಲಿಪ್‌ಸ್ಟಿಕ್ ಮೂರು-ಮೂರೂವರೆ ಗ್ರಾಂ. ಉಡುಗೊರೆ ಸೆಟ್‌ಗಳಲ್ಲಿ ಬರುವ ಮಿನಿ ಟ್ಯೂಬ್‌ಗಳು ಎಷ್ಟೋ ಸಲ ಇದರ ಅರ್ಧವೂ ಇರುವುದಿಲ್ಲ. ಸೆಟ್ ಅಗ್ಗ ಅನ್ನಿಸಿದರೆ ಗ್ರಾಂ ಲೆಕ್ಕ ಹಾಕಿ, ಆಮೇಲೆ ಮಾತಾಡಿ.

ಹಂತ 2: ಬರಿ ಮುಖದಲ್ಲಿ, ಹಗಲು ಹೊತ್ತಿನಲ್ಲಿ ಹೋಗಿ

ಶನಿವಾರ ಸಂಜೆ ಮಾಲ್‌ಗೆ ಹೋಗುವುದೇ ದೊಡ್ಡ ತಪ್ಪು. ಜನ ಜಾಸ್ತಿ, ಕೌಂಟರಿನವರಿಗೆ ಪುರುಸೊತ್ತಿಲ್ಲ, ಹೊರಗೆ ಬಿಸಿಲೂ ಇರುವುದಿಲ್ಲ. ವಾರದ ನಡುವೆ ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರೊಳಗೆ ಹೋಗಿ.

ಮುಖ ತೊಳೆದು, ದಿನವೂ ಹಚ್ಚುವ ಮಾಯಿಶ್ಚರೈಸರ್ ಮತ್ತು ಸನ್‌ಸ್ಕ್ರೀನ್ ಮಾತ್ರ ಹಚ್ಚಿಕೊಂಡಿರಿ. ಇದರ ಮೇಲೆಯೇ ನೀವು ದಿನಾ ಮೇಕಪ್ ಹಾಕುವುದು, ಅಲ್ವಾ? ಹಿಂದಿನ ದಿನ ಫೇಶಿಯಲ್, ಬ್ಲೀಚ್, ಥ್ರೆಡಿಂಗ್ ಮಾಡಿಸಿದ್ದರೆ ಎರಡು ದಿನ ತಡೆದು ಹೋಗಿ. ಕೆಂಪಾದ ಚರ್ಮದ ಮೇಲೆ ಶೇಡ್ ಸರಿಯಾಗಿ ಸಿಗುವುದಿಲ್ಲ, ಉರಿಯೂ ಬರಬಹುದು. ಕತ್ತು ಕಾಣುವಂತೆ ಅಗಲ ಕತ್ತಿನ ಬಟ್ಟೆ ಇರಲಿ. ಅದರ ಬಣ್ಣ ಬಿಳಿ, ಕಪ್ಪು ಅಥವಾ ಬೂದು ಆಗಿದ್ದರೆ ಒಳ್ಳೆಯದು. ಗಾಢ ಹಳದಿ, ಕೆಂಪು ಕುರ್ತಾದ ಛಾಯೆ ಗಲ್ಲದ ಮೇಲೆ ಬೀಳುತ್ತದೆ.

ಹಂತ 3: ಟೆಸ್ಟರ್ ಮುಟ್ಟುವ ಮುಂಚೆ

ಟೆಸ್ಟರ್, ಅಂದರೆ ಬಂದವರು ಹಚ್ಚಿ ನೋಡಲೆಂದು ಕೌಂಟರಿನಲ್ಲಿ ತೆರೆದಿಟ್ಟ ವಸ್ತು, ಎಷ್ಟು ಜನರ ಕೈ ದಾಟಿ ಬಂದಿದೆಯೋ ಯಾರಿಗೂ ಗೊತ್ತಿಲ್ಲ. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್, ಕಣ್ಣು ಕೆಂಪಾಗುವ ಸೋಂಕು ಇಂಥ ಕಡೆಯಿಂದ ದಾಟಬಹುದು. ಟೆಸ್ಟರ್ ಲಿಪ್‌ಸ್ಟಿಕ್ ನೇರವಾಗಿ ತುಟಿಗೆ ಹಚ್ಚಲೇಬೇಡಿ. ಟೆಸ್ಟರ್ ಮಸ್ಕಾರ, ಟೆಸ್ಟರ್ ಕಾಜಲ್ ಕಣ್ಣಿನ ಹತ್ತಿರಕ್ಕೂ ತರಬೇಡಿ.

ಪೌಡರ್ ಅಥವಾ ಲಿಪ್‌ಸ್ಟಿಕ್ ಆದರೆ ಮೇಲ್ಭಾಗವನ್ನು ಟಿಶ್ಯೂನಿಂದ ಒರೆಸಿ ಒಂದು ಪದರ ತೆಗೆಯಿರಿ, ಸ್ಪ್ರೇ ಹೊಡೆಯಿರಿ, ಒಂದು ನಿಮಿಷ ಬಿಡಿ, ಮತ್ತೆ ಒರೆಸಿ. ಕೌಂಟರಿನವರನ್ನು ಕೇಳಿಯೇ ಮಾಡಿ, ಇಲ್ಲದಿದ್ದರೆ ಗುರಾಯಿಸುತ್ತಾರೆ. ಎಷ್ಟೋ ಕಡೆ ಅವರೇ ಮಾಡಿಕೊಡುತ್ತಾರೆ. ಬ್ರಶ್ ಬೇಕೆಂದರೆ ಬಿಸಾಡುವ ಬ್ರಶ್ ಕೇಳಿ. ಅವರ ಸೊಂಟಪಟ್ಟಿಯಲ್ಲಿ ನೇತಾಡುವ ಬ್ರಶ್ ಬೇಡ.

ಪೌಡರಿನ ಮೇಲೆ ಚಿನ್ನದ ಹೂವು, ಲೋಗೋ ಅಚ್ಚೊತ್ತಿದ್ದರೆ ಇನ್ನೊಂದು ಎಚ್ಚರ. ಎಷ್ಟೋ ಸಲ ಆ ಹೊಳಪು ಮೇಲಿನ ತೆಳು ಪದರದಲ್ಲಿ ಮಾತ್ರ ಇರುತ್ತದೆ. ನಾಲ್ಕು ಸಲ ಬ್ರಶ್ ಆಡಿಸಿದರೆ ಹೋಗುತ್ತದೆ, ಕೆಳಗಿನ ಬಣ್ಣ ಬೇರೆಯೇ ಇರುತ್ತದೆ. ಸವೆದುಹೋದ ಟೆಸ್ಟರ್ ಇಲ್ಲಿ ಒಳ್ಳೆಯದು. ನಿಮಗೆ ತಿಂಗಳುಗಟ್ಟಲೆ ಸಿಗುವುದು ಆ ಕೆಳಗಿನ ಬಣ್ಣವೇ.

ಹಂತ 4: ಫೌಂಡೇಶನ್ ಶೇಡ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಹೆಚ್ಚಿನ ದುಡ್ಡು ನೀರಾಗುವುದು ಇಲ್ಲೇ.

ಅಂಗೈ ಹಿಂಭಾಗದ ಬಣ್ಣ ನಿಮ್ಮ ಮುಖದ ಬಣ್ಣ ಅಲ್ಲ. ಸ್ಕೂಟರ್ ಓಡಿಸುವವರ ಕೈ ನೋಡಿದರೆ ಸಾಕು. ಮೂರು ಶೇಡ್ ಆರಿಸಿ: ನಿಮ್ಮದು ಅನ್ನಿಸುವುದು ಒಂದು, ಅದಕ್ಕಿಂತ ಒಂದು ಮೆಟ್ಟಿಲು ಗಾಢ, ಒಂದು ಮೆಟ್ಟಿಲು ತಿಳಿ. ಗಲ್ಲದ ಕೆಳಗಿನಿಂದ ದವಡೆ ದಾಟಿ ಕತ್ತಿನವರೆಗೆ ಮೂರು ಉದ್ದ ಗೆರೆ ಎಳೆಯಿರಿ. ತಿಕ್ಕಬೇಡಿ. ಮೇಲಿನಿಂದ ಮೆಲ್ಲಗೆ ತಟ್ಟಿ. ಕತ್ತಿನ ಬಣ್ಣದಲ್ಲಿ ಯಾವುದು ಕಾಣೆಯಾಗುತ್ತದೋ ಅದು ನಿಮ್ಮದು.

ನಮ್ಮಲ್ಲಿ ಬಹಳ ಜನರ ಮುಖ ಒಂದೇ ಬಣ್ಣ ಇರುವುದಿಲ್ಲ. ಹಣೆ ಮತ್ತು ಬಾಯಿಯ ಸುತ್ತ ಗಾಢ, ಗಲ್ಲದ ನಡುವೆ ತಿಳಿ. ಗಲ್ಲಕ್ಕೆ ಹೊಂದಿಸಿದರೆ ಹಣೆ ಬಿಳಿಚುತ್ತದೆ, ಹಣೆಗೆ ಹೊಂದಿಸಿದರೆ ಮುಖ ಮಂಕಾಗುತ್ತದೆ. ಕತ್ತು ಮತ್ತು ಎದೆಯ ಮೇಲ್ಭಾಗಕ್ಕೆ ಹೊಂದಿಸಿ. ಸೀರೆ ಉಟ್ಟಾಗ ಮುಖದ ಜೊತೆ ಕಾಣುವುದು ಅದೇ.

ಇನ್ನು ಅಂಡರ್‌ಟೋನ್, ಅಂದರೆ ಚರ್ಮದ ಬಣ್ಣದೊಳಗಿನ ಹಳದಿ ಅಥವಾ ಗುಲಾಬಿ ಛಾಯೆ. ಫೌಂಡೇಶನ್‌ನ ಬಣ್ಣ ಮುಖ್ಯವಾಗಿ ನಾಲ್ಕು ಪುಡಿಗಳಿಂದ ಬರುತ್ತದೆ: ಬಿಳಿಯ ಟೈಟಾನಿಯಂ ಡೈಆಕ್ಸೈಡ್, ಮತ್ತೆ ಹಳದಿ, ಕೆಂಪು, ಕಪ್ಪು ಐರನ್ ಆಕ್ಸೈಡ್. ಶೇಡ್ ತಿಳಿಯಾದಷ್ಟೂ ಬಿಳಿ ಪುಡಿಯ ಪಾಲು ಹೆಚ್ಚುತ್ತದೆ. ಹಳದಿ ಅಥವಾ ಆಲಿವ್ ಛಾಯೆಯ ಕಂದು ಚರ್ಮದ ಮೇಲೆ ಅದು ಬೂದಿಯ ಹಾಗೆ ಕೂರುತ್ತದೆ. ನನ್ನ ಉಡುಪಿಯ ವಿಭೂತಿಯ ಗುಟ್ಟು ಇದೇ. 'ಒಂದು ಶೇಡ್ ಲೈಟ್' ಎಂಬ ಸಲಹೆಗೆ ನಯವಾಗಿ ಬೇಡ ಅನ್ನಿ.

ಶೇಡ್ ಹೆಸರಿನಲ್ಲೂ ಒಂದು ಹಳ್ಳ ಇದೆ. ಮ್ಯಾಕ್ ಕಂಪನಿಯ ಶೇಡ್‌ಗಳಲ್ಲಿ 'ಎನ್‌ಸಿ' ಅಂದರೆ ಹಳದಿ-ಚಿನ್ನದ ಛಾಯೆಯ ಚರ್ಮಕ್ಕೆ, 'ಎನ್‌ಡಬ್ಲ್ಯೂ' ಅಂದರೆ ಗುಲಾಬಿ ಛಾಯೆಯ ಚರ್ಮಕ್ಕೆ. ಎಸ್ಟೀ ಲಾಡರ್ ಕಂಪನಿಯ ಡಬಲ್ ವೇರ್ ಫೌಂಡೇಶನ್‌ನಲ್ಲಿ 'ಸಿ' ಅಂದರೆ ಕೂಲ್, ಅಂದರೆ ಗುಲಾಬಿ ಕಡೆ, 'ಡಬ್ಲ್ಯೂ' ಅಂದರೆ ವಾರ್ಮ್, ಅಂದರೆ ಹಳದಿ ಕಡೆ. ಪೂರಾ ಉಲ್ಟಾ. ಒಂದು ಕಂಪನಿಯ ಅಕ್ಷರ ಹಿಡಿದುಕೊಂಡು ಇನ್ನೊಂದು ಕಂಪನಿಯದನ್ನು ಆನ್‌ಲೈನ್‌ನಲ್ಲಿ ತರಿಸಿ ಕೈಸುಟ್ಟುಕೊಂಡವರನ್ನು ನಾನೇ ನೋಡಿದ್ದೇನೆ. ಫೋನ್ ಕ್ಯಾಮೆರಾದಲ್ಲಿ ಬಣ್ಣ ತೋರಿಸುವ ಆ್ಯಪ್‌ಗಳೂ ಅಷ್ಟೇ. ಲಿಪ್‌ಸ್ಟಿಕ್ ಕೆಂಪೋ ಕಂದೋ ಎಂದು ಅಂದಾಜು ಮಾಡಲು ಸರಿ, ಫೌಂಡೇಶನ್‌ಗೆ ನಂಬಬೇಡಿ.

ಮೂರು ಗೆರೆ ಎಳೆದ ಮೇಲೆ ಕೈಗನ್ನಡಿ ಹಿಡಿದು ಮಾಲ್‌ನ ಹೊರಬಾಗಿಲಿಗೆ ನಡೆಯಿರಿ. ಯಾವ ಗೆರೆ ಯಾವ ಶೇಡ್ ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೇ ಹೊರಡಿ. ಕೌಂಟರಿನ ಹಳದಿ ದೀಪದಲ್ಲಿ ಎಲ್ಲರೂ ಚೆನ್ನಾಗೇ ಕಾಣುತ್ತಾರೆ. ನೆರಳಿನಲ್ಲಿ ನಿಂತು, ಹಗಲಿನ ಬೆಳಕಿನಲ್ಲಿ ನೋಡಿ. ಮುಖಕ್ಕೆ ಮೂರು ಪಟ್ಟೆ ಬಳಿದುಕೊಂಡು ಸೆಕ್ಯೂರಿಟಿ ಅಣ್ಣನ ಮುಂದೆ ನಿಲ್ಲಲು ಮೊದಲ ಸಲ ನಾಚಿಕೆಯಾಗುತ್ತದೆ. ಅವರಿಗೆ ಇದೆಲ್ಲ ಅಭ್ಯಾಸವಾಗಿದೆ ಬಿಡಿ.

ನೋಡಿದ ಕೂಡಲೇ ವಾಪಸ್ ಹೋಗಬೇಡಿ. ಒಂದು ಕಾಫಿ ಕುಡಿದು ಬನ್ನಿ. ಫೌಂಡೇಶನ್ ಒಣಗಿ, ಚರ್ಮದ ಎಣ್ಣೆ ಅದರ ಪುಡಿಗೆ ಬೆರೆತಾಗ ಬಣ್ಣ ಗಾಢವಾಗಿ, ಕೆಲವೊಮ್ಮೆ ಕಿತ್ತಳೆಯಾಗಿ ತಿರುಗುತ್ತದೆ. ಕೌಂಟರಿನವರು ಇದಕ್ಕೆ 'ಆಕ್ಸಿಡೈಸ್ ಆಯ್ತು' ಅನ್ನುತ್ತಾರೆ. ಇಪ್ಪತ್ತು ನಿಮಿಷದಲ್ಲಿ ಮೊದಲ ಸುಳಿವು ಸಿಗುತ್ತದೆ. ಪೂರ್ತಿ ಕಥೆ ತಿಳಿಯಲು ನಾಲ್ಕಾರು ಗಂಟೆ ಬೇಕು.

ಹಂತ 5: ಸ್ಯಾಂಪಲ್ ಕೇಳಿ, ಬರಿಗೈಲಿ ಮನೆಗೆ ಬನ್ನಿ

"ಮೂರು ದಿನ ಹಚ್ಚಿ ನೋಡಿ ಬಂದು ತಗೋತೀನಿ, ಈ ಡಬ್ಬಿಗೆ ಸ್ವಲ್ಪ ಹಾಕಿಕೊಡ್ತೀರಾ?" ಅಂತ ನೇರವಾಗಿ ಕೇಳಿ. ಫೌಂಡೇಶನ್, ಪ್ರೈಮರ್ (ಮೇಕಪ್‌ಗೆ ಮುಂಚೆ ಹಚ್ಚುವ ತಳಪದರ), ಕ್ರೀಮ್‌ಗಳಿಗೆ ಬಹಳ ಕೌಂಟರ್‌ಗಳಲ್ಲಿ ಇಲ್ಲ ಅನ್ನುವುದಿಲ್ಲ. ಐಶ್ಯಾಡೋ, ಲಿಪ್‌ಸ್ಟಿಕ್ ಸ್ಯಾಂಪಲ್ ಸಿಗುವುದು ಕಷ್ಟ. ಅದಕ್ಕೆ ಮಿನಿ ಸೈಜ್ ಇದ್ದರೆ ಅದನ್ನೇ ಕೊಳ್ಳಿ. ಮಸ್ಕಾರಕ್ಕಂತೂ ಮಿನಿ ಟ್ಯೂಬ್ ಒಂದೇ ದಾರಿ.

ಡಬ್ಬಿಯ ಮೇಲೆ ಶೇಡ್ ಹೆಸರು, ತಾರೀಖು ಬರೆಯಿರಿ. ಎರಡು ವಾರ ಕಳೆದ ಮೇಲೆ ಎಲ್ಲಾ ಡಬ್ಬಿಯೂ ಒಂದೇ ಥರ ಕಾಣುತ್ತದೆ.

ಪೂರ್ತಿ ಮೇಕ್‌ಓವರ್ ಮಾಡಿಕೊಡುತ್ತೇವೆ, ಅದರ ದುಡ್ಡಿಗೆ ಸಾಮಾನು ತಗೊಳ್ಳಬಹುದು ಎನ್ನುವ ಕೌಂಟರ್‌ಗಳಿವೆ. ಕೈಚಳಕ ಕಲಿಯಲು ಇದು ಒಳ್ಳೆಯದು. ವಸ್ತು ಪರೀಕ್ಷಿಸಲು ಅಷ್ಟೊಂದು ಪ್ರಯೋಜನವಿಲ್ಲ. ಅವರ ಪ್ರೈಮರ್, ಅವರ ಸೆಟ್ಟಿಂಗ್ ಸ್ಪ್ರೇ, ಅವರ ಕೈ ಎಲ್ಲಾ ಸೇರಿ ಬಂದ ಫಲ ಅದು. ಮನೆಯಲ್ಲಿ ನಿಮಗೆ ಹಾಗೇ ಬರುವುದಿಲ್ಲ.

ಹಂತ 6: ಅಲರ್ಜಿ ಪರೀಕ್ಷೆ

ಬೆಲೆ ಜಾಸ್ತಿ ಇದ್ದರೆ ಅಲರ್ಜಿ ಆಗುವುದಿಲ್ಲ ಅನ್ನುವುದು ಸುಳ್ಳು. ಎಷ್ಟೋ ದುಬಾರಿ ಮೇಕಪ್‌ನಲ್ಲಿ ಸುವಾಸನೆ ಬೆರೆಸಿರುತ್ತಾರೆ. ಚರ್ಮದ ಅಲರ್ಜಿಗೆ ಸಾಮಾನ್ಯ ಕಾರಣಗಳಲ್ಲಿ ಸುವಾಸನೆಯೂ ಒಂದು.

ಅಮೆರಿಕನ್ ಅಕಾಡೆಮಿ ಆಫ್ ಡರ್ಮಟಾಲಜಿ ಹೇಳುವ ಕ್ರಮ ಹೀಗಿದೆ. ಮುಂಗೈಯ ಒಳಭಾಗ ಅಥವಾ ಮೊಣಕೈ ಮಡಚುವಲ್ಲಿ ಒಂದು ನಾಣ್ಯದಷ್ಟು ಜಾಗಕ್ಕೆ ದಿನಕ್ಕೆ ಎರಡು ಸಲ, 7ರಿಂದ 10 ದಿನ ಹಚ್ಚಬೇಕು. ನಮ್ಮವರು ಒಂದು ಸಲ ಹಚ್ಚಿ, ಅರ್ಧ ಗಂಟೆ ನೋಡಿ, ಏನೂ ಆಗಲಿಲ್ಲ ಅನ್ನುತ್ತಾರೆ. ಅಲರ್ಜಿ ಎರಡು-ಮೂರು ದಿನ ಬಿಟ್ಟೂ ಕಾಣಿಸಿಕೊಳ್ಳಬಹುದು.

ಮೂರು-ನಾಲ್ಕು ವಸ್ತುಗಳನ್ನು ಒಟ್ಟಿಗೆ ಪರೀಕ್ಷಿಸಬಹುದು. ಒಂದರಿಂದ ಒಂದು ಎರಡು ಬೆರಳು ದೂರ ಇರಲಿ. ಪಕ್ಕದಲ್ಲಿ ಪೆನ್ನಿನಲ್ಲಿ 1, 2, 3 ಎಂದು ಬರೆದುಕೊಳ್ಳಿ, ಸ್ನಾನ ಆದ ಮೇಲೆ ಮತ್ತೆ ಬರೆಯಿರಿ. ಒಂದು ದಿನಕ್ಕೆ ಒಂದೇ ಎಂಬ ನಿಯಮಕ್ಕೆ ಇಲ್ಲಿ ಮಾತ್ರ ವಿನಾಯಿತಿ. ಯಾವ ಜಾಗ ಕೆಂಪಾಯಿತು ಅಂತ ಕಣ್ಣಿಗೇ ಕಾಣುತ್ತದಲ್ಲ.

ಸಸ್ಯಾಹಾರಿಗಳು ಈ ದಿನಗಳಲ್ಲೇ ಪಟ್ಟಿ ಓದಿಬಿಡಿ. ಕೆಂಪು, ಗುಲಾಬಿ ಲಿಪ್‌ಸ್ಟಿಕ್ ಮತ್ತು ಬ್ಲಶ್‌ಗಳಲ್ಲಿ 'ಕಾರ್ಮೈನ್' ಅಥವಾ 'ಸಿಐ 75470' ಎಂದಿದ್ದರೆ ಅದು ಕಳ್ಳಿಗಿಡದ ಮೇಲೆ ಬದುಕುವ ಒಂದು ಹುಳದಿಂದ ತೆಗೆದ ಬಣ್ಣ. ತುಟಿಗೆ ಹಚ್ಚಿದ್ದು ಸ್ವಲ್ಪವಾದರೂ ಹೊಟ್ಟೆಗೆ ಹೋಗುತ್ತದೆ. ನಮ್ಮ ಅಜ್ಜಿಗೆ ಇದನ್ನು ಹೇಳಿದ ದಿನ ಅವರು ನನ್ನ ಲಿಪ್‌ಸ್ಟಿಕ್ ಡಬ್ಬಿಯನ್ನು ದೇವರಮನೆ ಪಕ್ಕದ ಕಪಾಟಿನಿಂದ ಎತ್ತಿ ಆಚೆ ಇಟ್ಟರು.

ಹಂತ 7: ಮುಖದ ದಿನಗಳು

ಕೈ ಮೇಲೆ ಏನೂ ಆಗದಿದ್ದರೆ ಮುಖಕ್ಕೆ ಬನ್ನಿ. ಮೊದಲ ದಿನ ಫೌಂಡೇಶನ್ ಮಾತ್ರ. ಎರಡನೇ ದಿನ ಅದರ ಜೊತೆ ಪ್ರೈಮರ್. ಮೂರನೇ ದಿನ ಪೌಡರ್ ಅಥವಾ ಹೈಲೈಟರ್.

ಮುಖ ತೊಳೆದು ಮಾಯಿಶ್ಚರೈಸರ್ ಹಚ್ಚಿ ಐದು ನಿಮಿಷ ಬಿಡಿ. ಸನ್‌ಸ್ಕ್ರೀನ್ ಹಚ್ಚಿ ಇನ್ನೊಂದು ಹತ್ತು ನಿಮಿಷ. ಫೌಂಡೇಶನ್‌ನಲ್ಲೇ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ಕಾಯುತ್ತದೆ ಎನ್ನುವ ಅಳತೆ) ಇದೆ ಅಂತ ಸನ್‌ಸ್ಕ್ರೀನ್ ಬಿಡಬೇಡಿ. ಎಸ್‌ಪಿಎಫ್ ಅಳೆಯುವಾಗ ಒಂದು ಚದರ ಸೆಂ.ಮೀ. ಚರ್ಮಕ್ಕೆ 2 ಮಿ.ಗ್ರಾಂ ಹಚ್ಚುತ್ತಾರೆ. ಅಷ್ಟು ದಪ್ಪ ಫೌಂಡೇಶನ್ ಬಳಿದರೆ ಯಕ್ಷಗಾನದ ಮುಖವರ್ಣಿಕೆ ಆಗುತ್ತದೆ.

ಫೌಂಡೇಶನ್ ಕಡಲೆಬೇಳೆ ಗಾತ್ರದಷ್ಟು ಸಾಕು. ಮೂಗಿನ ಪಕ್ಕದಿಂದ ಶುರು ಮಾಡಿ ಹೊರಕ್ಕೆ ಹರಡಿ. ಸ್ಪಂಜ್ ಆದರೆ ನೀರಲ್ಲಿ ನೆನೆಸಿ, ಚೆನ್ನಾಗಿ ಹಿಂಡಿ, ತಟ್ಟಿ. ಒಂದು ದಿನ ಅರ್ಧ ಮುಖಕ್ಕೆ ಬೆರಳಿನಿಂದ, ಇನ್ನರ್ಧಕ್ಕೆ ಸ್ಪಂಜಿನಿಂದ ಹಚ್ಚಿ ನೋಡಿ. ಒಂದೇ ವಸ್ತು ಎರಡು ಥರ ಕಾಣುವುದು ಆಗ ಗೊತ್ತಾಗುತ್ತದೆ.

ಹಚ್ಚುವಾಗಲೇ ರಬ್ಬರಿನಲ್ಲಿ ಅಳಿಸಿದಾಗ ಬರುವಂಥ ಚೂರುಗಳು ಉಂಡೆ ಉಂಡೆಯಾಗಿ ಎದ್ದರೆ ವಸ್ತು ಕೆಟ್ಟದ್ದು ಎಂದು ಬಿಸಾಡಬೇಡಿ. ಕೆಳಗಿನ ಪದರ ಒಣಗಿಲ್ಲ, ಇಲ್ಲವೇ ಸಿಲಿಕೋನ್ ಪ್ರೈಮರ್ ಮೇಲೆ ನೀರಿನಂಶದ ಫೌಂಡೇಶನ್ ಬಿದ್ದಿದೆ. ಸನ್‌ಸ್ಕ್ರೀನ್ ಕಡಿಮೆ ಮಾಡುವ ಬದಲು ಕಾಯುವ ಹೊತ್ತು ಹೆಚ್ಚಿಸಿ. ಆಗಲೂ ಎದ್ದರೆ ಪ್ರೈಮರ್ ಬಿಟ್ಟು ನೋಡಿ.

ಆಮೇಲೆ ನಿಮ್ಮ ಪಾಡಿಗೆ ಕೆಲಸ ಮಾಡಿಕೊಳ್ಳಿ. ಎರಡನೇ ಗಂಟೆ, ನಾಲ್ಕನೇ ಗಂಟೆ, ಆರನೇ ಗಂಟೆಗೆ ಕಿಟಕಿ ಪಕ್ಕ ನಿಂತು ಒಂದೊಂದು ಫೋಟೋ ತೆಗೆಯಿರಿ. ಅದೇ ಕಿಟಕಿ, ಫಿಲ್ಟರ್ ಇಲ್ಲದೆ. ಮೂಗಿನ ಪಕ್ಕ ಬಿರುಕು, ಹಣೆಯ ಮೇಲೆ ಜಿಡ್ಡು, ಕಣ್ಣಿನ ಕೆಳಗೆ ಗೆರೆ, ಬಾಯಿಯ ಸುತ್ತ ಕಿತ್ತಳೆ ಬಣ್ಣ, ಈ ನಾಲ್ಕನ್ನು ನೋಡಿ ಬರೆಯಿರಿ.

ಎಲ್ಲಿ ಹಚ್ಚಿಕೊಂಡು ಹೋಗುತ್ತೀರಿ ಎನ್ನುವುದೂ ಮುಖ್ಯ. ಬೆಂಗಳೂರಿನ ಏಸಿಯಲ್ಲಿ ಎಂಟು ಗಂಟೆ ನಿಂತ ಫೌಂಡೇಶನ್ ಕರಾವಳಿಯ ಮೇ ತಿಂಗಳಲ್ಲಿ ಒಂದೂವರೆ ಗಂಟೆಗೆ ಕರಗಿ ಕುಪ್ಪಸದ ಅಂಚಿಗೆ ಇಳಿಯಿತು. ಕಲಬುರಗಿಯ ಒಣ ಬಿಸಿಲಿಗೆ ಮ್ಯಾಟ್, ಅಂದರೆ ಹೊಳಪಿಲ್ಲದ, ಫೌಂಡೇಶನ್ ಹಚ್ಚಿದರೆ ಚರ್ಮ ಪೊರೆ ಬಿಟ್ಟಂತೆ ಕಾಣಬಹುದು. ಬೆವರು ಬರುವ ಕೆಲಸ ಒಂದಾದರೂ ಮಾಡಿ. ಅಡುಗೆಮನೆಯಲ್ಲಿ ಕುಕ್ಕರ್ ಮುಂದೆ ನಿಂತು ಸಾಂಬಾರ್ ಮಾಡಿದರೆ ಸಾಕು.

ರಾತ್ರಿ ದೀಪ ಆರಿಸಿ ಫೋನಿನ ಫ್ಲ್ಯಾಶ್ ಹಾಕಿ ಒಂದು ಫೋಟೋ. ಸಿಲಿಕಾ ಹೆಚ್ಚಿರುವ ಬಿಳಿ ಪೌಡರ್, ಜಿಂಕ್ ಅಥವಾ ಟೈಟಾನಿಯಂ ಇರುವ ಸನ್‌ಸ್ಕ್ರೀನ್ ಫ್ಲ್ಯಾಶ್‌ಗೆ ಬಿಳಿಯಾಗಿ ಹೊಳೆಯಬಹುದು. ಕನ್ನಡಿಯಲ್ಲಿ ಇದು ಕಾಣುವುದೇ ಇಲ್ಲ. ಆರತಕ್ಷತೆಯ ಆಲ್ಬಂನಲ್ಲಿ ಕಾಣುತ್ತದೆ.

ಹಂತ 8: ಕಣ್ಣಿನ ದಿನಗಳು

ಕೈ ಮೇಲೆ ಎಳೆದ ಐಶ್ಯಾಡೋ ಗೆರೆ ಬರೀ ಬಣ್ಣದ ಪರಿಚಯ ಅಷ್ಟೇ. ರೆಪ್ಪೆಯ ಚರ್ಮ ತೆಳು, ಎಣ್ಣೆ ಜಾಸ್ತಿ, ಮಡಿಕೆ ಬೇರೆ. ಬಣ್ಣವನ್ನು ಬೆರಳಿನಿಂದ ಹಚ್ಚಿದರೆ ಗಾಢವಾಗಿ ಕಾಣುತ್ತದೆ, ಬ್ರಶ್‌ನಿಂದ ಹಚ್ಚಿದರೆ ಅರ್ಧ ಪುಡಿ ಗಲ್ಲಕ್ಕೆ ಉದುರುತ್ತದೆ. ಎರಡೂ ಮಾಡಿ ನೋಡಿ. ಒಂದು ಕಣ್ಣಿಗೆ ಪ್ರೈಮರ್ ಹಾಕಿ, ಇನ್ನೊಂದಕ್ಕೆ ಬಿಡಿ. ಸಂಜೆ ಹೊತ್ತಿಗೆ ಮಡಿಕೆಯಲ್ಲಿ ಬಣ್ಣ ಗೆರೆ ಕಟ್ಟಿದೆಯಾ ನೋಡಿ.

ಗಾಢ ಅಥವಾ ಮಿನುಗು ಬಣ್ಣವಾದರೆ ಕಣ್ಣು ಮೊದಲು, ಮುಖ ಆಮೇಲೆ. ಉದುರಿದ ಪುಡಿಯನ್ನು ಒರೆಸಿ ಫೌಂಡೇಶನ್ ಹಚ್ಚಬಹುದು. ಕೆಲವು ಪ್ಯಾಲೆಟ್‌ಗಳ ಹಿಂದೆ ಒಂದೆರಡು ಬಣ್ಣಕ್ಕೆ 'ಕಣ್ಣಿನ ಸುತ್ತ ಬಳಸಬಾರದು' ಎಂದು ಚಿಕ್ಕ ಅಕ್ಷರದಲ್ಲಿ ಬರೆದಿರುತ್ತಾರೆ. ಕೆಂಪು, ನೇರಳೆ ಬಣ್ಣಗಳಲ್ಲಿ ಮೊದಲು ಹುಡುಕಿ.

ಕಾಜಲ್‌ಗೆ ಇನ್ನೊಂದು ದಿನ. ಕೈ ಮೇಲೆ ಗೆರೆ ಎಳೆದು ಉಜ್ಜಿ 'ವಾಟರ್‌ಪ್ರೂಫ್' ಅನ್ನುವುದೆಲ್ಲ ಕೌಂಟರಿನ ಆಟ. ಕಣ್ಣಂಚಿನಲ್ಲಿ ನೀರೂ ಇದೆ, ಎಣ್ಣೆಯೂ ಇದೆ. ಕೈ ಮೇಲಿನ ಗೆರೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಕೂಡಲೇ ಕರಗಿದರೆ ಅದು ನಿಮ್ಮ ಕಣ್ಣಿನ ಕೆಳಗೂ ಇಳಿಯುತ್ತದೆ ಎಂದೇ ಲೆಕ್ಕ.

ಕಾಂಟ್ಯಾಕ್ಟ್ ಲೆನ್ಸ್ ಇರುವವರು ಲೆನ್ಸ್ ಹಾಕಿದ ಮೇಲೆ ಮೇಕಪ್ ಮಾಡಿ. ರಾತ್ರಿ ಮೊದಲು ಲೆನ್ಸ್ ತೆಗೆದು ಆಮೇಲೆ ಮೇಕಪ್ ತೆಗೆಯಿರಿ. ರೆಪ್ಪೆಗೂದಲಿನ ಒಳಗಿನ ಒದ್ದೆ ಅಂಚಿಗೆ ಮಿನುಗು ಪೆನ್ಸಿಲ್ ಬೇಡ.

ಹಂತ 9: ತುಟಿಯ ದಿನಗಳು

ಕೌಂಟರಿನಲ್ಲಿ ಲಿಪ್‌ಸ್ಟಿಕ್ ಬಣ್ಣ ನೋಡಲು ಬೆರಳ ತುದಿ ಒಳ್ಳೆಯದು. ಅಲ್ಲಿನ ಚರ್ಮ ಗುಲಾಬಿ, ತುಟಿಯ ಬಣ್ಣಕ್ಕೆ ಹತ್ತಿರ. ಹಚ್ಚಿದ ಬೆರಳನ್ನು ತುಟಿಯ ಪಕ್ಕ ಹಿಡಿದು ಕನ್ನಡಿ ನೋಡಿ.

ಮನೆಗೆ ತಂದ ಮಿನಿಯನ್ನು ಮೊದಲು ಬರಿ ತುಟಿಗೆ ಹಚ್ಚಿ. ನಮ್ಮಲ್ಲಿ ಬಹಳ ಜನರ ಮೇಲ್ತುಟಿ ಗಾಢ, ಕೆಳತುಟಿ ತಿಳಿ. ತೆಳು ಗುಲಾಬಿ, ನ್ಯೂಡ್ (ತುಟಿಯ ಸಹಜ ಬಣ್ಣಕ್ಕೆ ಹತ್ತಿರದ) ಬಣ್ಣಗಳು ಎರಡರ ಮೇಲೂ ಬೇರೆ ಬೇರೆ ಕಾಣುತ್ತವೆ. ಪೋಸ್ಟರಿನ ಹುಡುಗಿಗೆ ನ್ಯೂಡ್ ಆಗಿದ್ದು ನಮಗೆ ಸುಣ್ಣ ಬಳಿದಂತೆ ಆಗಬಹುದು. ನಿಮ್ಮ ತುಟಿಗಿಂತ ಒಂದು ಮೆಟ್ಟಿಲು ಗಾಢವಾದ ಕಂದು-ಗುಲಾಬಿಯೇ ನಿಮ್ಮ ನ್ಯೂಡ್.

ಆಮೇಲೆ ಊಟ. ಇದೇ ನಿಜವಾದ ಪರೀಕ್ಷೆ. ಮೊದಲು ಕಾಫಿ, ಸ್ಟೀಲ್ ಲೋಟದ ಅಂಚಿಗೆ ಎಷ್ಟು ಅಂಟಿತು ನೋಡಿ. ಮಧ್ಯಾಹ್ನ ತುಪ್ಪ ಹಾಕಿದ ಬಿಸಿಬೇಳೆ ಬಾತ್. 'ಹನ್ನೆರಡು ಗಂಟೆ ಇರುತ್ತದೆ' ಎಂಬ ಎಷ್ಟೋ ಲಿಕ್ವಿಡ್ ಲಿಪ್‌ಸ್ಟಿಕ್ ನೀರಿಗೆ ಜಗ್ಗುವುದಿಲ್ಲ, ತುಪ್ಪಕ್ಕೆ ಸೋಲುತ್ತವೆ. ತುಟಿಯ ನಡುವೆ ಬಣ್ಣ ಹೋಗಿ ಅಂಚಿನಲ್ಲಿ ಮಾತ್ರ ಉಳಿದರೆ ಮದುವೆಮನೆಗೆ ಅದು ಬೇಡ.

ಮ್ಯಾಟ್ ಹಚ್ಚಿದ ಮಾರನೇ ದಿನ ಬೆಳಗ್ಗೆಯೂ ತುಟಿ ನೋಡಿ. ಸಿಪ್ಪೆ ಎದ್ದಿದ್ದರೆ ದಿನಬಳಕೆಗೆ ಆಗುವುದಿಲ್ಲ, ವಿಶೇಷ ದಿನಕ್ಕೆ ಇಟ್ಟುಕೊಳ್ಳಬಹುದು. ತುಟಿ ಉಬ್ಬಿಸುವ ಗ್ಲಾಸ್‌ಗಳಲ್ಲಿ ಪುದೀನ ಅಥವಾ ಮೆಣಸಿನಕಾಯಿಯ ಸಾರ ಇರುವುದರಿಂದ ಸ್ವಲ್ಪ ಚುರುಗುಟ್ಟುತ್ತದೆ. ಹತ್ತು ನಿಮಿಷದಲ್ಲಿ ಇಳಿಯದಿದ್ದರೆ ತೊಳೆದುಬಿಡಿ.

ಹಂತ 10: ಎಲ್ಲಾ ಒಟ್ಟಿಗೆ, ಕುಂಕುಮ, ಸರ ಸಮೇತ

ಪಾಸಾದ ವಸ್ತುಗಳನ್ನು ಒಂದು ಭಾನುವಾರ ಒಟ್ಟಿಗೆ ಹಚ್ಚಿ. ಇಲ್ಲಿ ಯಾರೂ ಹೇಳದ ಮೂರು ಸಂಗತಿ ನೋಡಬೇಕು.

ಒಂದು, ಬಿಂದಿ. ಫೌಂಡೇಶನ್ ಮೇಲೆ ಸ್ಟಿಕ್ಕರ್ ಅಂಟುವುದಿಲ್ಲ, ಅರ್ಧ ದಾರಿಯಲ್ಲಿ ಉದುರುತ್ತದೆ. ಬಿಂದಿ ಇಡುವ ಜಾಗವನ್ನು ಇಯರ್‌ಬಡ್‌ನಿಂದ ಒರೆಸಿ ಇಟ್ಟು ನೋಡಿ. ಕುಂಕುಮವಾದರೆ ಜಿಡ್ಡು ಫೌಂಡೇಶನ್ ಮೇಲೆ ಹರಡಿ ಮೂಗಿಗೆ ಇಳಿಯುತ್ತದೆ. ಕೆಳಗೆ ಸ್ವಲ್ಪ ಪೌಡರ್ ಬೇಕು.

ಎರಡು, ಸರ. ಕತ್ತಿಗೆ ಹಚ್ಚಿದ್ದು ಚಿನ್ನದ ಸಂದುಗಳಲ್ಲಿ ಕೂರುತ್ತದೆ, ಅಲ್ಲಿಂದ ಸೀರೆಗೆ ಹೋಗುತ್ತದೆ. ಶೇಡ್ ಸರಿಯಾಗಿದ್ದರೆ ಕತ್ತಿಗೆ ಹಚ್ಚುವ ಅಗತ್ಯವೇ ಬೀಳುವುದಿಲ್ಲ.

ಮೂರು, ಬಟ್ಟೆ. ಬಿಳಿ ಟಿಶ್ಯೂವನ್ನು ಗಲ್ಲಕ್ಕೆ ಒತ್ತಿ ಹಿಡಿದು ಐದು ಎಣಿಸಿ. ಬಣ್ಣ ಬಂದರೆ ರೇಷ್ಮೆ ಸೀರೆಯ ಸೆರಗಿಗೂ ಬರುತ್ತದೆ, ನಿಮ್ಮನ್ನು ತಬ್ಬಿಕೊಳ್ಳುವ ಅತ್ತೆಯ ಸೀರೆಗೂ ಬರುತ್ತದೆ.

ಹಂತ 11: ತೆಗೆಯುವುದೂ ಪರೀಕ್ಷೆಯ ಭಾಗ

ಕಣ್ಣಿಗೆ ರಿಮೂವರ್ ಹಾಕಿದ ಹತ್ತಿಯನ್ನು ಇಪ್ಪತ್ತು ಸೆಕೆಂಡ್ ಒತ್ತಿ ಹಿಡಿದು, ಕೆಳಮುಖವಾಗಿ ಒರೆಸಿ. ಮುಖಕ್ಕೆ ಮೊದಲು ಎಣ್ಣೆಯಂಥ ಕ್ಲೆನ್ಸರ್, ಆಮೇಲೆ ನಿಮ್ಮ ಫೇಸ್‌ವಾಶ್. ಉಜ್ಜದೆ ಹೋಗದ ಮಸ್ಕಾರ ಎಷ್ಟು ಚೆನ್ನಾಗಿದ್ದರೂ ನಾನು ಕೊಳ್ಳುವುದಿಲ್ಲ. ದಿನಾ ರಾತ್ರಿ ಹತ್ತಿಯಲ್ಲಿ ನಾಲ್ಕು ರೆಪ್ಪೆಗೂದಲು ನೋಡುವುದು ಯಾರಿಗೆ ಬೇಕು!

ಕೂಡಲೇ ನಿಲ್ಲಿಸಬೇಕಾದ ಲಕ್ಷಣಗಳು

ರೆಪ್ಪೆ ಊದುವುದು, ತುರಿಕೆ, ತೊಳೆದ ಮೇಲೂ ಉಳಿಯುವ ಉರಿ, ಕಣ್ಣು ಕೆಂಪಾಗಿ ಬೆಳಕು ನೋಡಲಾಗದಿರುವುದು, ನೀರುಗುಳ್ಳೆ. ಇವುಗಳಲ್ಲಿ ಒಂದು ಕಂಡರೂ ತೊಳೆದು ನಿಲ್ಲಿಸಿ. ಮೇಲೆ ಇನ್ನೊಂದು ಕ್ರೀಮ್ ಮೆತ್ತಬೇಡಿ. ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ, ಹೋಗುವಾಗ ವಸ್ತುವಿನ ಡಬ್ಬಿಯನ್ನೂ ಒಯ್ಯಿರಿ. ಮುಖ ಅಥವಾ ನಾಲಿಗೆ ಊದಿ ಉಸಿರಾಡಲು ಕಷ್ಟವಾದರೆ ಕಾಯದೆ ಆಸ್ಪತ್ರೆಗೆ ಹೋಗಿ.

ವಸ್ತು ಕೆಟ್ಟಿರುವ ಸುಳಿವು ಬೇರೆ. ಹಳೇ ಎಣ್ಣೆಯ ಕಮಟು ವಾಸನೆ, ಅಲುಗಾಡಿಸಿದರೂ ಬೆರೆಯದ ಫೌಂಡೇಶನ್, ಗಂಟುಗಂಟಾದ ಮಸ್ಕಾರ. ದುಬಾರಿ ಅಂತ ಜೋಪಾನ ಮಾಡಿ ಮೂರು ವರ್ಷ ಇಟ್ಟರೆ ಹೀಗೇ ಆಗುವುದು.

ಹಂತ 12: ಬಿಲ್ ಹಾಕಿಸುವ ಹೊತ್ತು

ಸೀಲ್ ಒಡೆಯದ ಹೊಸ ಡಬ್ಬಿ ಕೇಳಿ. ಶೇಡ್ ಹೆಸರನ್ನು ನೋಟ್‌ಬುಕ್‌ಗೆ ಹೋಲಿಸಿ. ಹೊರಗಿನಿಂದ ಬಂದ ವಸ್ತುವಾದರೆ ಎಂಆರ್‌ಪಿ, ಆಮದು ಮಾಡಿದವರ ಹೆಸರು-ವಿಳಾಸ, ನೋಂದಣಿ ಸಂಖ್ಯೆ ಇರುವ ಲೇಬಲ್ ಇರಬೇಕು. ಅದಿಲ್ಲದೆ ಅರ್ಧ ಬೆಲೆಗೆ ಸಿಗುವ 'ಒರಿಜಿನಲ್' ಲಿಪ್‌ಸ್ಟಿಕ್ ಹತ್ತಿರ ಹೋಗಬೇಡಿ. ತೆರೆದ ಮೇಕಪ್ಪನ್ನು ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಮುಚ್ಚಳ ತೆರೆಯುವ ಮೊದಲೇ ಈ ಲೇಬಲ್ ಓದಿ.

ಡಬ್ಬಿಯ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿಕ್ಕ ಚಿತ್ರದೊಳಗೆ '6ಎಂ', '12ಎಂ' ಎಂದಿರುತ್ತದೆ. ತೆರೆದ ಮೇಲೆ ಅಷ್ಟು ತಿಂಗಳು ಬಳಸಬಹುದು ಎಂದರ್ಥ. ಮಸ್ಕಾರವನ್ನು ಮಾತ್ರ ಮೂರು ತಿಂಗಳಿಗೆ ಬಿಸಾಡಿ ಎಂದು ಕಣ್ಣಿನ ಡಾಕ್ಟರುಗಳು ಹೇಳುತ್ತಾರೆ. ಮನೆಗೆ ಬಂದು ಮೊದಲ ಸಲ ತೆರೆದ ದಿನವೇ ಒಂದು ತುಂಡು ಟೇಪ್ ಮೇಲೆ ತಿಂಗಳು ಬರೆದು ಡಬ್ಬಿಯ ತಳಕ್ಕೆ ಅಂಟಿಸಿ. ಬಾತ್‌ರೂಮಿನ ಬಿಸಿಯಲ್ಲಿ ಇಡಬೇಡಿ, ಬೀರುವಿನಲ್ಲಿಡಿ.